ಬೆಳಗಿನ ಓಟವೋ, ಮಗುವಿನ ಡಬ್ಬಿಯೋ? ಮ್ಯಾರಥಾನ್ ತಯಾರಿ ಮತ್ತು ಮನೆ ಎರಡನ್ನೂ ತೂಗಿಸುವುದು ಹೇಗೆ

ಬೆಳಗಿನ ಜಾವ ನಾಲ್ಕೂವರೆ. ಅಲಾರಾಂ ಹೊಡೆದುಕೊಳ್ಳುತ್ತದೆ. ಶೂ ಬಾಗಿಲ ಬಳಿ ಸಿದ್ಧವಾಗಿದೆ, ನೀರಿನ ಬಾಟಲಿ ತುಂಬಿಟ್ಟಾಗಿದೆ. ಅಷ್ಟರಲ್ಲಿ ಕೋಣೆಯಿಂದ ಮಗು ಅಳುವ ಸದ್ದು. ಹಣೆ ಮುಟ್ಟಿದರೆ ಬಿಸಿ. ಅಲ್ಲಿಗೆ ಆ ದಿನದ 12 ಕಿ.ಮೀ. ಓಟದ ಕಥೆ ಮುಗಿಯಿತು.

ಮಹಾನಗರಗಳಲ್ಲಿ ಓಡುವ ಅಪ್ಪ-ಅಮ್ಮಂದಿರಿಗೆ ಇದು ಹೊಸದೇನಲ್ಲ. ಪುಣೆಯ ಅಂತಾರಾಷ್ಟ್ರೀಯ ಮ್ಯಾರಥಾನ್ 1983ರಷ್ಟು ಹಿಂದೆಯೇ ಶುರುವಾಗಿತ್ತು. ಮುಂಬೈ ಮ್ಯಾರಥಾನ್ 2004ರಲ್ಲಿ, ದೆಹಲಿ ಹಾಫ್ ಮ್ಯಾರಥಾನ್ 2005ರಲ್ಲಿ, ಬೆಂಗಳೂರಿನ 10ಕೆ ಓಟ 2008ರಲ್ಲಿ ಆರಂಭವಾದ ಮೇಲೆ, ಆಫೀಸಿಗೆ ಹೋಗುವ ಸಾಮಾನ್ಯ ಜನರೂ ಓಟದ ಗೀಳಿಗೆ ಬಿದ್ದರು. ಅವರಲ್ಲಿ ಎಷ್ಟೋ ಮಂದಿ ಚಿಕ್ಕ ಮಕ್ಕಳ ತಂದೆ-ತಾಯಂದಿರು.

ತೊಂದರೆ ಇರುವುದು ಇಲ್ಲೇ. ಮಂಗಳವಾರ ಎಷ್ಟು ಓಡಬೇಕು, ಭಾನುವಾರ ಎಷ್ಟು ಓಡಬೇಕು ಎಂದು ತರಬೇತಿ ಪಟ್ಟಿ ಹೇಳುತ್ತದೆ. ಸ್ಕೂಲ್ ವ್ಯಾನ್ ಬರದಿದ್ದರೆ, ಕೆಲಸದವರು ರಜೆ ಹಾಕಿದರೆ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ಊರಿನಲ್ಲಾದರೆ ಮಗುವನ್ನು ಎತ್ತಿಕೊಳ್ಳಲು ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು ಯಾರಾದರೂ ಇರುತ್ತಾರೆ. ಅಪ್ಪ-ಅಮ್ಮ ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ ಇದ್ದು, ದಂಪತಿ ಮಾತ್ರ ಪುಣೆಯಲ್ಲೋ ಹೈದರಾಬಾದ್‌ನಲ್ಲೋ ಇದ್ದರೆ ಇರುವುದು ನಾಲ್ಕೇ ಕೈ. ಅದರಲ್ಲಿ ಎರಡು ಓಡಲು ಹೋದರೆ ಮನೆಯ ಕೆಲಸವೆಲ್ಲ ಉಳಿದೆರಡರ ಮೇಲೆ.

ಮೊದಲು ಗಂಟೆಯ ಲೆಕ್ಕ

ರೇಸ್‌ಗೆ ಹೆಸರು ನೋಂದಾಯಿಸುವ ಮೊದಲು ಮಾಡಬೇಕಾದ ಕೆಲಸ ಕಿಲೋಮೀಟರ್ ಲೆಕ್ಕವಲ್ಲ, ಗಂಟೆಯ ಲೆಕ್ಕ. ಒಂದು ಕಿಲೋಮೀಟರ್‌ಗೆ 7 ನಿಮಿಷ ತೆಗೆದುಕೊಳ್ಳುವ ಸಾಮಾನ್ಯ ಓಟಗಾರನನ್ನೇ ತೆಗೆದುಕೊಳ್ಳಿ.

10 ಕಿ.ಮೀ. ಓಟಕ್ಕೆ ವಾರದಲ್ಲಿ ಮೂರು ದಿನ, ದಿನಕ್ಕೆ 40 ನಿಮಿಷ ಓಡಿದರೂ ತಯಾರಾಗಬಹುದು. ಅಂದರೆ ವಾರಕ್ಕೆ 2 ಗಂಟೆ. ಹಾಫ್ ಮ್ಯಾರಥಾನ್‌ಗೆ ವಾರಕ್ಕೆ 30 ಕಿ.ಮೀ. ಓಡಿದರೆ ಮೂರೂವರೆ ಗಂಟೆ ಬೇಕು. 42.195 ಕಿ.ಮೀ.ಗಳ ಪೂರ್ಣ ಮ್ಯಾರಥಾನ್‌ಗೆ ವಾರಕ್ಕೆ 45 ಕಿ.ಮೀ. ಎಂದುಕೊಂಡರೂ ಐದೂಕಾಲು ಗಂಟೆ.

ಆದರೆ ಮನೆಯವರಿಗೆ ಕಾಣುವ ಲೆಕ್ಕ ಬೇರೆ. ಭಾನುವಾರದ 28 ಕಿ.ಮೀ. ಓಟಕ್ಕೆ 3 ಗಂಟೆ 16 ನಿಮಿಷ ಹಿಡಿಯುತ್ತದೆ. ಓಡುವ ಜಾಗಕ್ಕೆ ಹೋಗಿ ಬರುವುದು, ಗೆಳೆಯರೊಂದಿಗೆ ಇಡ್ಲಿ-ಕಾಫಿ, ಸ್ನಾನ, ನಂತರದ ನಿದ್ದೆ ಎಲ್ಲ ಸೇರಿದರೆ ಅರ್ಧ ದಿನವೇ ಹೋಗಿರುತ್ತದೆ. ಜಗಳ ಹುಟ್ಟುವುದು ಹೆಚ್ಚಾಗಿ ಓಟದ ಮೂರು ಗಂಟೆಗಲ್ಲ, ಅದರ ಹಿಂದೆ ಮುಂದೆ ಸೇರಿಕೊಳ್ಳುವ ಸಮಯಕ್ಕೆ.

ಆರೋಗ್ಯವಷ್ಟೇ ಗುರಿಯಾಗಿದ್ದರೆ ಇಷ್ಟು ಸಮಯದ ಅಗತ್ಯವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮ ಅಥವಾ 75ರಿಂದ 150 ನಿಮಿಷಗಳ ತೀವ್ರ ವ್ಯಾಯಾಮ ಸಾಕು. 25 ನಿಮಿಷಗಳ ಮೂರು ಓಟಗಳಲ್ಲಿ ಕನಿಷ್ಠ ಮಿತಿ ತಲುಪಿಬಿಡುತ್ತದೆ. ಅದಕ್ಕಿಂತ ಹೆಚ್ಚಿನದು ಆರೋಗ್ಯಕ್ಕಿಂತ ಆಸೆಗಾಗಿ. ಆಸೆ ತಪ್ಪಲ್ಲ. ಆದರೆ ಮನೆಯಲ್ಲಿ ಅದನ್ನು ಆಸೆ ಎಂದೇ ಒಪ್ಪಿಕೊಂಡರೆ ಮಾತುಕತೆ ಸುಲಭವಾಗುತ್ತದೆ.

ಆ ಗಂಟೆ ಯಾರ ಖಾತೆಯದು?

ಒಬ್ಬರು ಓಡುವ ಹೊತ್ತಿನಲ್ಲಿ ಮನೆಯ ಕೆಲಸ ನಿಂತಿರುವುದಿಲ್ಲ. ಹಾಲು ಕಾಯಿಸುವುದು, ಯೂನಿಫಾರ್ಮ್ ಇಸ್ತ್ರಿ, ಡಬ್ಬಿ ತುಂಬುವುದು, ಮಗುವನ್ನು ಎಬ್ಬಿಸುವುದು ಎಲ್ಲವನ್ನೂ ಮತ್ತೊಬ್ಬರು ಮಾಡುತ್ತಿರುತ್ತಾರೆ.

ಈ ಭಾರ ಎತ್ತ ವಾಲಿದೆ ಎಂಬುದಕ್ಕೆ ಸರ್ಕಾರದ ಅಂಕಿಅಂಶವೇ ಇದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರೆ, ಪುರುಷರು ಕೊಡುತ್ತಿದ್ದದ್ದು 97 ನಿಮಿಷ. ಹೀಗಾಗಿ ಅಪ್ಪ ಓಡಲು ಹೋದರೆ ಮನೆ ಹೇಗೋ ನಡೆಯುತ್ತದೆ, ಅಮ್ಮ ಓಡಲು ಹೋಗಬೇಕಾದರೆ ಮೊದಲು ಅಡುಗೆ ಮುಗಿಸಿರಬೇಕು ಎಂಬ ಪರಿಸ್ಥಿತಿ ಎಷ್ಟೋ ಮನೆಗಳಲ್ಲಿದೆ.

ಇದಕ್ಕೆ ಸರಳ ಪರಿಹಾರ ಸರದಿ. ಮಂಗಳವಾರ, ಗುರುವಾರ ಒಬ್ಬರು ಓಡಿದರೆ ಬುಧವಾರ, ಶುಕ್ರವಾರ ಮತ್ತೊಬ್ಬರ ಬೆಳಗು. ಇನ್ನೊಬ್ಬರಿಗೆ ಓಟ ಇಷ್ಟವಿಲ್ಲದಿದ್ದರೂ ಆ ಹೊತ್ತು ಅವರದ್ದೇ. ನಿದ್ದೆ ಮಾಡಲಿ, ಯೋಗ ಮಾಡಲಿ, ಸುಮ್ಮನೆ ಪೇಪರ್ ಓದಲಿ. ಭಾನುವಾರ ದೊಡ್ಡ ಓಟ ಮುಗಿಸಿ ಬಂದವರು ಸೋಫಾದ ಮೇಲೆ ಒರಗುವ ಬದಲು, ಸ್ನಾನ ಮಾಡಿ ಅಡುಗೆಮನೆಗೋ ಮಕ್ಕಳ ಆಟಕ್ಕೋ ಇಳಿಯಬೇಕು. ಸರದಿಯನ್ನು ಬಾಯಿಮಾತಿಗೆ ಬಿಡದೆ ಫ್ರಿಜ್ ಬಾಗಿಲ ಮೇಲೆ ಬರೆದು ಅಂಟಿಸಿದರೆ "ನಿನ್ನೆ ಹೇಳಿದ್ದೆನಲ್ಲ" ಎಂಬ ವಾದಕ್ಕೆ ಜಾಗವಿರುವುದಿಲ್ಲ.

ಒಬ್ಬರೇ ಮಗುವನ್ನು ಸಾಕುತ್ತಿರುವವರಿಗೆ ಈ ಸರದಿಯ ಅನುಕೂಲವೂ ಇಲ್ಲ. ಅಂಥವರಿಗೆ ಮಗು ಶಾಲೆಗೆ ಹೋದ ಮೇಲಿನ ಅರ್ಧ ಗಂಟೆ, ಆಫೀಸಿನ ಊಟದ ವಿರಾಮ ಅಥವಾ ಅಪಾರ್ಟ್‌ಮೆಂಟಿನ ಮತ್ತೊಂದು ಕುಟುಂಬದೊಂದಿಗೆ ಮಕ್ಕಳನ್ನು ನೋಡಿಕೊಳ್ಳುವ ಕೊಡು-ಕೊಳ್ಳುವಿಕೆಯೇ ದಾರಿ.

ರೇಸ್ ಕ್ಯಾಲೆಂಡರ್, ಸ್ಕೂಲ್ ಕ್ಯಾಲೆಂಡರ್

ಮುಂಬೈ ಮ್ಯಾರಥಾನ್ ಸಾಮಾನ್ಯವಾಗಿ ಜನವರಿಯ ಮೂರನೇ ಭಾನುವಾರ ನಡೆಯುತ್ತದೆ. ಅಲ್ಲಿಂದ 18 ವಾರ ಹಿಂದೆ ಎಣಿಸಿದರೆ ತಯಾರಿ ಶುರುವಾಗಬೇಕಾದ್ದು ಸೆಪ್ಟೆಂಬರ್ ಮಧ್ಯದಲ್ಲಿ. ಅಂದರೆ ಅರ್ಧವಾರ್ಷಿಕ ಪರೀಕ್ಷೆ, ದಸರಾ, ದೀಪಾವಳಿ ಎಲ್ಲವೂ ತರಬೇತಿಯ ನಡುವೆಯೇ ಬರುತ್ತವೆ. ಅತಿ ಉದ್ದದ ಓಟಗಳು ಬೀಳುವುದು ಡಿಸೆಂಬರ್‌ನಲ್ಲಿ, ಅಂದರೆ ಕ್ರಿಸ್‌ಮಸ್ ರಜೆಗೆ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗುವ ಹೊತ್ತಿಗೆ.

ಬೆಂಗಳೂರಿನ 10ಕೆ ಇತ್ತೀಚಿನ ವರ್ಷಗಳಲ್ಲಿ ಏಪ್ರಿಲ್ ಕೊನೆಗೆ ಬರುತ್ತಿದೆ. ಅದರ ತಯಾರಿ ವಾರ್ಷಿಕ ಪರೀಕ್ಷೆಯೊಂದಿಗೆ ತಾಗುತ್ತದೆ. ಹೈದರಾಬಾದ್ ಮ್ಯಾರಥಾನ್ ಆಗಸ್ಟ್‌ನಲ್ಲಿ. ಅದಕ್ಕೆ ಓಡಬೇಕಾದ್ದು ಬೇಸಿಗೆ ರಜೆ, ಜೂನ್‌ನಲ್ಲಿ ಶಾಲೆ ಶುರುವಾಗುವ ಗಡಿಬಿಡಿ ಮತ್ತು ಮಳೆಯ ನಡುವೆ. ದೆಹಲಿಯಲ್ಲಿ ದೀಪಾವಳಿ ಆಸುಪಾಸಿನಿಂದ ಗಾಳಿಯ ಗುಣಮಟ್ಟವೇ ಕೈಕೊಡುತ್ತದೆ. ಸೂಚ್ಯಂಕ 300 ದಾಟಿದರೆ ಅದು 'ಅತಿ ಕಳಪೆ', 400 ದಾಟಿದರೆ 'ತೀವ್ರ'. ಅಂಥ ದಿನಗಳಲ್ಲಿ ಹೊರಗೆ ಓಡುವುದಕ್ಕಿಂತ ಮನೆಯೊಳಗೆ ಮೈ ಬಗ್ಗಿಸುವ ವ್ಯಾಯಾಮವೇ ಮೇಲು.

ಆದ್ದರಿಂದ ಶಾಲೆಯ ಡೈರಿ ಮತ್ತು ರೇಸ್ ದಿನಾಂಕ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಪರೀಕ್ಷೆಯ ಎರಡು ವಾರ, ಹಬ್ಬದ ನಾಲ್ಕು ದಿನ ಮೊದಲೇ ಕಡಿಮೆ ಓಟದ ದಿನಗಳೆಂದು ಗುರುತಿಸಿದರೆ, ಆಮೇಲೆ "ತಪ್ಪಿಹೋಯಿತು" ಎಂಬ ಬೇಸರವಿರುವುದಿಲ್ಲ. ತರಬೇತಿಯಲ್ಲಿ ಮೂರು-ನಾಲ್ಕು ವಾರಕ್ಕೊಮ್ಮೆ ಓಟ ತಗ್ಗಿಸುವ ವಾರ ಹೇಗೂ ಬೇಕು. ಅದನ್ನು ಹಬ್ಬದ ವಾರಕ್ಕೇ ಹೊಂದಿಸಬಹುದು.

ಮೂರು ಓಟ ಉಳಿಸಿಕೊಂಡರೆ ಸಾಕು

ವಾರದಲ್ಲಿ ಐದು ದಿನ ಓಡುವ ಪಟ್ಟಿ ಮಕ್ಕಳಿರುವ ಮನೆಯಲ್ಲಿ ಹೆಚ್ಚು ದಿನ ನಡೆಯುವುದಿಲ್ಲ. ಅದರ ಬದಲು ಮೂರು ಓಟಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಜಾಣತನ: ವಾರಾಂತ್ಯದ ಒಂದು ಉದ್ದನೆಯ ಓಟ, ವಾರದ ಮಧ್ಯೆ ಒಂದು ವೇಗದ ಓಟ, ಮತ್ತೊಂದು ನಿಧಾನದ ಓಟ. ಉಳಿದದ್ದು ಸಿಕ್ಕರೆ ಲಾಭ.

ನಿಧಾನದ ಓಟ ಎಂದರೆ ಜೊತೆಗಿದ್ದವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತನಾಡುವಷ್ಟು ಉಸಿರು ಉಳಿದಿರಬೇಕು. ಸಮಯ ಸಿಕ್ಕಿದ್ದೇ ಕಡಿಮೆ ಎಂದು ಪ್ರತಿ ಓಟವನ್ನೂ ಏದುಸಿರು ಬರುವಂತೆ ಓಡುವುದು ಪೋಷಕರು ಮಾಡುವ ಸಾಮಾನ್ಯ ತಪ್ಪು. ನಿದ್ದೆ ಕಡಿಮೆ ಇರುವ ದೇಹಕ್ಕೆ ಇದು ಗಾಯದ ದಾರಿ.

ಓಟ ತಪ್ಪಿದರೆ? ಅದನ್ನು ಮರುದಿನದ ಓಟಕ್ಕೆ ಸೇರಿಸಿ ದುಪ್ಪಟ್ಟು ಓಡಬಾರದು. ತಪ್ಪಿದ್ದು ತಪ್ಪಿತು. ಒಂದು ವಾರ ಓಡದಿದ್ದರೆ ದೇಹದ ಸಾಮರ್ಥ್ಯ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಇಳಿಕೆ ಎದ್ದುಕಾಣುವುದು ಎರಡು ವಾರ ದಾಟಿದ ಮೇಲೆ. ಎರಡು-ಮೂರು ವಾರ ತಪ್ಪಿದವರು ನಿಲ್ಲಿಸಿದಲ್ಲಿಂದ ಅಲ್ಲ, ಅದಕ್ಕಿಂತ ಕೆಳಗಿನಿಂದ ಆರಂಭಿಸಬೇಕು. ತಯಾರಿಯ ಅರ್ಧ ಓಟಗಳೇ ಕೈತಪ್ಪಿದ್ದರೆ ಪೂರ್ಣ ಮ್ಯಾರಥಾನ್ ಬಿಟ್ಟು ಮುಂದಿನ ವರ್ಷಕ್ಕೆ ಕಾಯುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ನಿದ್ದೆ ಕದ್ದು ಓಡಬೇಡಿ

ನಾಲ್ಕೂವರೆಗೆ ಏಳುವವರು ಒಂಬತ್ತೂವರೆಗೆ ಮಲಗಿದರೆ ಮಾತ್ರ ವಯಸ್ಕರಿಗೆ ಬೇಕಾದ ಏಳು ಗಂಟೆ ನಿದ್ದೆ ಸಿಗುತ್ತದೆ. ಮಕ್ಕಳು ಮಲಗಿದ ಮೇಲೆ ಮೊಬೈಲ್ ಹಿಡಿದು ಹನ್ನೊಂದರವರೆಗೆ ಕೂರುವವರಿಗೆ ಬೆಳಗಿನ ಓಟ ಸಾಲದ ಮೇಲಿನ ಬಡ್ಡಿಯಂತೆ. ಹಾಲು ಕುಡಿಯುವ ಮಗುವಿರುವ ಮನೆಯಲ್ಲಂತೂ ರಾತ್ರಿ ಮೂರು ಬಾರಿ ಎಚ್ಚರವಾದರೆ ಬೆಳಗ್ಗೆ ವೇಗದ ಓಟ ಬೇಡ. ಇಪ್ಪತ್ತು ನಿಮಿಷ ನಡೆದು ಬಂದರೂ ಸಾಕು, ಅಥವಾ ಮಲಗಿಬಿಡುವುದೇ ಸರಿ.

ಡೇ ಕೇರ್‌ಗೆ ಹೋಗುವ ಮಕ್ಕಳು ನೆಗಡಿ, ಕೆಮ್ಮನ್ನು ಮನೆಗೆ ತರುತ್ತಲೇ ಇರುತ್ತಾರೆ. ಓಟಗಾರರಲ್ಲಿ ಒಂದು ರೂಢಿಯ ನಿಯಮವಿದೆ: ಮೂಗು ಸೋರುವಂಥ, ಕುತ್ತಿಗೆಗಿಂತ ಮೇಲಿನ ಸಣ್ಣ ತೊಂದರೆಯಾದರೆ ನಿಧಾನವಾಗಿ ಓಡಬಹುದು. ಜ್ವರ, ಮೈಕೈ ನೋವು, ಎದೆಯಲ್ಲಿ ಕಫ ಇದ್ದರೆ ಓಟ ಬೇಡವೇ ಬೇಡ.

ಹೆರಿಗೆಯ ನಂತರ ಅವಸರ ಬೇಡ

ಬ್ರಿಟನ್‌ನ ಪೌಲಾ ರಾಡ್‌ಕ್ಲಿಫ್ 2007ರ ಜನವರಿಯಲ್ಲಿ ಮಗಳನ್ನು ಹೆತ್ತು ಅದೇ ವರ್ಷದ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು. ಕೆನ್ಯಾದ ಫೇತ್ ಕಿಪ್ಯೆಗಾನ್ 2018ರಲ್ಲಿ ತಾಯಿಯಾಗಿ, 2021ರ ಟೋಕಿಯೊ ಹಾಗೂ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ 1500 ಮೀಟರ್ ಚಿನ್ನ ಗೆದ್ದರು. ಕೇಳಲು ಹುರುಪಾಗುತ್ತದೆ. ಆದರೆ ಅವರಿಗೆ ಓಟವೇ ಉದ್ಯೋಗ. ಕೋಚ್, ಫಿಸಿಯೋಥೆರಪಿಸ್ಟ್, ವಿಶ್ರಾಂತಿಯ ಸಮಯ ಎಲ್ಲವೂ ಇದೆ. ಡಬ್ಬಿ ಕಟ್ಟಿ, ಲೋಕಲ್ ರೈಲು ಹಿಡಿದು ಆಫೀಸಿಗೆ ಓಡುವ ತಾಯಿ ತನ್ನನ್ನು ಅವರೊಂದಿಗೆ ಹೋಲಿಸಿಕೊಳ್ಳುವುದು ನ್ಯಾಯವಲ್ಲ.

ಬ್ರಿಟನ್‌ನ ಫಿಸಿಯೋಥೆರಪಿಸ್ಟ್‌ಗಳು 2019ರಲ್ಲಿ ರೂಪಿಸಿದ ಮಾರ್ಗಸೂಚಿ, ಹೆರಿಗೆಯಾದ ಮೂರರಿಂದ ಆರು ತಿಂಗಳೊಳಗೆ, ಅದೂ ದೇಹ ಸಿದ್ಧವಾಗಿದ್ದರೆ ಮಾತ್ರ ಓಟಕ್ಕೆ ಮರಳಬಹುದು ಎನ್ನುತ್ತದೆ. ಅದಕ್ಕೂ ಮೊದಲು ನಡಿಗೆ, ಹೊಟ್ಟೆ ಮತ್ತು ಶ್ರೋಣಿ ಸ್ನಾಯುಗಳ ವ್ಯಾಯಾಮ. ಓಡುವಾಗ ಮೂತ್ರ ಸೋರುವುದು, ಕೆಳಹೊಟ್ಟೆಯಲ್ಲಿ ಭಾರ ಎಳೆದಂತಾಗುವುದು "ಹೆತ್ತವರಿಗೆ ಇದ್ದದ್ದೇ" ಎಂದು ಸುಮ್ಮನಿರುವ ವಿಷಯವಲ್ಲ, ವೈದ್ಯರಿಗೆ ತೋರಿಸಬೇಕಾದದ್ದು. ಸಿಸೇರಿಯನ್ ಆದವರಿಗೆ ಗಾಯ ಒಳಗಿನಿಂದ ಮಾಗಲು ಇನ್ನೂ ಸಮಯ ಬೇಕಾಗಬಹುದು.

ಓಡಿದರೆ ಎದೆಹಾಲು ಕೆಡುತ್ತದೆ ಎಂಬ ಮಾತು ಮನೆಗಳಲ್ಲಿ ಕೇಳಿಬರುತ್ತದೆ. ಮಿತವಾದ ವ್ಯಾಯಾಮದಿಂದ ಹಾಲಿನ ಪ್ರಮಾಣವೂ ಗುಣವೂ ಕುಗ್ಗುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಮಗುವಿಗೆ ಹಾಲು ಕುಡಿಸಿ ಹೊರಟರೆ ತಾಯಿಗೂ ಹಗುರ. ನೀರು, ಊಟ ಮಾತ್ರ ಕಡಿಮೆಯಾಗಬಾರದು.

ಮಕ್ಕಳೂ ಜೊತೆಗಿರಲಿ

ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಓಡುವುದು ವಿದೇಶಗಳಲ್ಲಿ ಸಾಮಾನ್ಯ. ನಮ್ಮ ಫುಟ್‌ಪಾತ್‌ಗಳಲ್ಲಿ ಅದು ಕಷ್ಟ. ಮಗುವಿನ ಕುತ್ತಿಗೆ ಗಟ್ಟಿಯಾಗಿ ನಿಲ್ಲುವ ಮೊದಲು, ಅಂದರೆ ಸುಮಾರು 6ರಿಂದ 8 ತಿಂಗಳವರೆಗೆ ಅದನ್ನು ಮಾಡಲೂಬಾರದು.

ಸ್ವಲ್ಪ ದೊಡ್ಡ ಮಕ್ಕಳಾದರೆ ದಾರಿಗಳಿವೆ. ಮಗ ಸೈಕಲ್ ತುಳಿಯಲಿ, ಅಮ್ಮ ಪಕ್ಕದಲ್ಲಿ ಓಡಲಿ. ಮಗಳ ಈಜು ತರಗತಿ ನಡೆಯುವ ಮುಕ್ಕಾಲು ಗಂಟೆ, ಬೆಂಚಿನ ಮೇಲೆ ಕೂತು ಮೊಬೈಲ್ ನೋಡುವ ಬದಲು ಅಪ್ಪ ಹೊರಗೆ ಸುತ್ತು ಹಾಕಲಿ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆದರೆ ಮಕ್ಕಳ ಓಟ ಆಟವಾಗಿಯೇ ಇರಲಿ. ಅಪ್ಪನ ಗಡಿಯಾರದ ವೇಗಕ್ಕೆ ಮಗುವನ್ನು ಎಳೆದೊಯ್ದರೆ ಅದು ಓಟವನ್ನೇ ದ್ವೇಷಿಸಲು ಕಲಿಯುತ್ತದೆ.

ಹಾಗೆಂದು ತನಗಾಗಿ ಒಂದು ಗಂಟೆ ತೆಗೆದಿಟ್ಟಿದ್ದಕ್ಕೆ ತಪ್ಪಿತಸ್ಥ ಭಾವನೆಯೂ ಬೇಡ. ಓಡಿ ಬಂದವರ ಮನಸ್ಸು ಹಗುರವಾಗಿರುತ್ತದೆ, ಮಕ್ಕಳ ಮೇಲೆ ರೇಗುವುದು ಕಡಿಮೆಯಾಗುತ್ತದೆ ಎನ್ನುವುದು ಅನೇಕ ಓಟಗಾರರ ಅನುಭವ. ಆ ಗಂಟೆಯನ್ನು ಮನೆಯವರೊಂದಿಗೆ ಮಾತಾಡಿ ಪಡೆದಿದ್ದರೆ, ಅಷ್ಟೇ ಗಂಟೆಯನ್ನು ಅವರಿಗೂ ಬಿಟ್ಟುಕೊಟ್ಟಿದ್ದರೆ ಸಾಕು.

ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಹಾಲ್‌ನಲ್ಲಿ ಅತ್ತಿಂದಿತ್ತ ನಡೆದ ಬೆಳಗನ್ನು ತರಬೇತಿ ಪಟ್ಟಿಯಲ್ಲಿ ಯಾರೂ ಬರೆದುಕೊಳ್ಳುವುದಿಲ್ಲ. ಮುಂಬೈ ಮ್ಯಾರಥಾನ್ ಬರುವ ಜನವರಿಯಲ್ಲೂ ನಡೆಯುತ್ತದೆ, ಅದರಾಚೆಯ ಜನವರಿಯಲ್ಲೂ ನಡೆಯುತ್ತದೆ. ಮಗುವಿಗೆ ಮೂರು ವರ್ಷವಾಗಿರುವುದು ಈ ಒಂದು ವರ್ಷ ಮಾತ್ರ. ಇದನ್ನು ನೆನಪಿಟ್ಟುಕೊಂಡು ದೂರ ಆರಿಸಿಕೊಂಡವರು ಹತ್ತು ವರ್ಷದ ನಂತರವೂ ಓಡುತ್ತಿರುತ್ತಾರೆ.