ಕನ್ಯಾಶಾಲೆಯಲ್ಲಿ ಮೊದಲ ಹಾಡು ಯಾವುದು?

ಸಂಗೀತದ ತಾಸೆಂದರೆ ಗ್ಯಾದರಿಂಗಿಗಾಗಿ ಒಂದು ಸ್ವಾಗತಗೀತೆಯನ್ನು ಬಾಯಿಪಾಠ ಮಾಡಿಸುವ ತಾಸೆಂದು ಅನೇಕ ಪಾಲಕರು ಭಾವಿಸಿರುವರು. ಈ ಭಾವನೆಗೆ ಶಿಕ್ಷಕವರ್ಗದವರಾದ ನಾವೂ ಕಾರಣರೆಂಬುದನ್ನು ಒಪ್ಪಲೇಬೇಕು. ಒಂದು ವರ್ಷ ನಾವು ನಾಟಕದ ಪದವೊಂದರಿಂದ ಪಾಠವನ್ನು ಆರಂಭಿಸಿದೆವು. ಪೇಟಿಯ ಸ್ವರವನ್ನೂ ಗಂಡಸರ ಕಂಠಕ್ಕೆ ಒಪ್ಪುವಂತೆಯೇ ಇರಿಸಿದ್ದೆವು. ತಗ್ಗಿನ ಸ್ವರಗಳು ಯಾರ ಬಾಯಿಂದಲೂ ಕೇಳಿಸಲಿಲ್ಲ. ಮೇಲಿನವು ಬರಿಯ ಕಿರುಚಾಟವಾದವು.

ಮುಳವಾಡದ ಸುತ್ತಲಿನ ಬಾಲಿಕೆಗೆ ಮೊದಲ ಹಾಡನ್ನು ದೂರದಿಂದ ತರಬೇಕಾದ ಕಾರಣವಿಲ್ಲ. ಇದೇ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಈ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಸಿ, ೧೯೩೧ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕವನ್ನು ಹೊರತಂದರು. ತವರು, ತಾಯಿ, ಅಣ್ಣ, ತೊಟ್ಟಿಲ ಕೂಸು ಇವೇ ಅಲ್ಲಿಯ ವಿಷಯಗಳು. ಛಂದಸ್ಸಾದರೋ ಬಹು ಪ್ರಾಚೀನವಾದುದು. ಸುಮಾರು ೭೦೦ರ ಹೊತ್ತಿನದೆಂದು ಹೇಳಲಾಗುವ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೂ ತ್ರಿಪದಿಗಳುಂಟು.

ಪಾಠಕ್ಕೆ ಇದು ಒಪ್ಪುವದೇಕೆಂದರೆ, ಬೀಸುವಾಗಿನ ದಾಟಿಯು ಕೆಲವೇ ಸ್ವರಗಳಲ್ಲಿ ಸುಳಿದಾಡುವದರಿಂದ ಎಳೆಯ ಕಂಠಕ್ಕೆ ಆಯಾಸವಿಲ್ಲ. ಇರುವವು ಮೂರೇ ಸಾಲು. ಹಾಡುವಾಗ ಎರಡನೆಯದು ಮರಳಿ ಬರುವದರಿಂದ ತಪ್ಪಿದವಳಿಗೆ ತಿದ್ದಿಕೊಳ್ಳಲು ಎಡೆ ದೊರೆಯುವದು. ಕಲ್ಲು ತಿರುಗುವ ಗತಿಯೇ ತಾಳವನ್ನು ಕಲಿಸುವದು. ದಾಟಿಯೊಂದೇ ಇದ್ದು ಮಾತುಗಳು ಬದಲಾಗುತ್ತ ಹೋಗುವದರಿಂದ, ಜಾಣ ಹುಡುಗಿಯು ತನ್ನದೊಂದು ಪದವನ್ನು ತಾನೇ ಕಟ್ಟಿಯಾಳು. ಅದೇ ದಾಟಿಯನ್ನು ಸ್ವರಗಳಲ್ಲಿ ಹಾಡಿಸಿದ ಮೇಲೆ, ನಮ್ಮ ಭಾಗದಲ್ಲಿ ರೂಢವಾದ ಹಿಂದುಸ್ತಾನಿ ಪದ್ಧತಿಯಂತೆ ಬಿಲಾವಲದ ಶುದ್ಧಸ್ವರಗಳಿಗೆ ಬರಬಹುದು. ಆ ಮುಂದೆ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳನ್ನು ಸುಮ್ಮನೆ ಕುಳಿತು ಕೇಳಿಸಬೇಕು; ಕೇಳುವದೂ ಪಾಠವೇ ಅಲ್ಲವೆ?

ಸಿನೆಮಾ ಪದಗಳ ಮೇಲೆ ನಮಗೆ ಸಿಟ್ಟಿಲ್ಲ. ಅವು ಹುಡುಗಿಯರಿಗೆ ನಮಗಿಂತ ಚೆನ್ನಾಗಿ ಬರುವವು. ಬರುವದನ್ನೇ ಕಲಿಸುವದಕ್ಕೆ ಶಾಲೆಯೇಕೆ?

ಆದರೆ ಒಂದು ಅವಸರದ ಮಾತುಂಟು. ಗಿರಣಿ ಬಂದು ಬೀಸುವ ಕಲ್ಲು ಮೂಲೆಗೆ ಸೇರಿತು. ಪುಸ್ತಕವು ಮಾತನ್ನು ಉಳಿಸೀತು. ದಾಟಿಯು ಮಾತ್ರ ಅಜ್ಜಿಯರ ಬಾಯಲ್ಲಿದೆ, ಆ ಅಜ್ಜಿಯರೋ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವರು. ಆದಕಾರಣ ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರಲ್ಲಿ ನಮ್ಮ ಬಿನ್ನಹವಿಷ್ಟೆ: ನಿಮ್ಮ ತಾಯಿ, ಅತ್ತೆ, ಅಜ್ಜಿಯರಲ್ಲಿ ಹಾಡಬಲ್ಲವರಿದ್ದರೆ, ಶನಿವಾರದ ಮುಂಜಾವಿನ ಶಾಲೆಗೆ ಅವರನ್ನು ಕರೆತನ್ನಿರಿ. ಬೀಸುವ ಕಲ್ಲೊಂದನ್ನು ನಾವು ಅಣಿಮಾಡಿ ಇಡುವೆವು.