ಪ್ಲೇಟಿನಲ್ಲಿ ಊರಿಗೆ ಮರಳಿದ ಪಿಟೀಲು

ಐರ್ಲೆಂಡಿನ ಸಾಂಪ್ರದಾಯಿಕ ಸಂಗೀತದ ಮೇಲೆ ಇಪ್ಪತ್ತನೆಯ ಶತಮಾನದಲ್ಲಿ ಅತಿ ಹೆಚ್ಚು ಪ್ರಭಾವ ಬೀರಿದ ವಾದಕರಲ್ಲಿ ಒಬ್ಬರೆಂದು ಪರಿಗಣಿತರಾದ ಮೈಕೇಲ್ ಕೋಲ್ಮನ್ 1891ರಲ್ಲಿ ಆ ದೇಶದ ವಾಯವ್ಯ ಭಾಗದ ಸ್ಲೈಗೋ ಕೌಂಟಿಯ ಕಿಲ್ಲವಿಲ್ ಪ್ರದೇಶದಲ್ಲಿ ಹುಟ್ಟಿದರು. ಅವರು ನುಡಿಸುತ್ತಿದ್ದ ಫಿಡಲ್ ಬೇರೆ ವಾದ್ಯವೇನಲ್ಲ. ವಯೊಲಿನ್ನಿಗೇ ಅಲ್ಲಿನ ಹಳ್ಳಿಗಳಲ್ಲಿರುವ ರೂಢಿಯ ಹೆಸರು ಅದು. ಕನ್ನಡದ ‘ಪಿಟೀಲು’ ಕೂಡ ಆ ಪದದ ರೂಪಾಂತರವೇ ಆಗಿರುವುದರಿಂದ ಇಲ್ಲಿ ಅದೇ ಮಾತು ಹೆಚ್ಚು ಒಪ್ಪುತ್ತದೆ.

ತಂದೆ ಕೊಳಲುವಾದಕರಾಗಿದ್ದ ಆ ಮನೆಯಲ್ಲಿ ಸಂಗೀತವೆಂದರೆ ಮುಖ್ಯವಾಗಿ ಕುಣಿತದ ಮಟ್ಟುಗಳು. ಇವುಗಳಲ್ಲಿ ಚತುರಶ್ರದ ನಡೆಯಲ್ಲಿ ವೇಗವಾಗಿ ಸಾಗುವುದು ರೀಲ್, ಮೂರು ಮೂರು ಸ್ವರಗಳ ಗುಂಪಾಗಿ ತೂಗುವುದು ಜಿಗ್. ಮಟ್ಟಿಗೆ ಸಾಮಾನ್ಯವಾಗಿ ಎಂಟೆಂಟು ಆವರ್ತಗಳ ಎರಡು ಭಾಗಗಳಿದ್ದು, ಒಂದೊಂದನ್ನೂ ಎರಡು ಸಲ ನುಡಿಸಿ ಮತ್ತೆ ಮೊದಲಿನಿಂದ ಎತ್ತಿಕೊಳ್ಳುವುದು ವಾಡಿಕೆ. ಇಷ್ಟು ಚಿಕ್ಕ ಚೌಕಟ್ಟಿನೊಳಗೆ ವಾದಕನ ಕೈಚಳಕ ಕಾಣಬೇಕಾದದ್ದು ಅಲಂಕಾರಗಳಲ್ಲಿ. ಅವುಗಳಲ್ಲಿ ಮುಖ್ಯವಾದ ‘ರೋಲ್’ ಎಂಬುದರಲ್ಲಿ ಒಂದು ಸ್ವರವನ್ನು ಹಿಡಿದು, ಅದರ ಮೇಲಿನ ಸ್ವರವನ್ನು ಮುಟ್ಟಿ, ಮೂಲಕ್ಕೆ ಬಂದು, ಕೆಳಗಿನದನ್ನು ಸೋಕಿ, ಪುನಃ ಮೂಲಸ್ವರದಲ್ಲೇ ನಿಲ್ಲುವುದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಕೋಲ್ಮನ್ನರ ವಾದನದಲ್ಲಿ ಇಂಥ ಅಲಂಕಾರಗಳು ದಟ್ಟವಾಗಿದ್ದರೂ ಕಮಾನಿನ ಓಟ ಎಲ್ಲೂ ತಡವರಿಸುವುದಿಲ್ಲ. ಸ್ವರಗಳನ್ನು ತಾಳದ ಪೆಟ್ಟಿನಾಚೆಗೂ ಒಂದೇ ಎಳೆತದಲ್ಲಿ ಒಯ್ಯುವ ಸ್ಲೈಗೋ ಕಡೆಯ ಪದ್ಧತಿ ಇದಕ್ಕೆ ಬಹುಮಟ್ಟಿಗೆ ಕಾರಣ.

1914ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಅವರು, ಹಾಡು, ಕುಣಿತ, ಹಾಸ್ಯಗಳನ್ನು ಬೆರೆಸಿ ತೋರಿಸುತ್ತಿದ್ದ ವಾಡ್‌ವಿಲ್ ಎಂಬ ರಂಗಪ್ರದರ್ಶನಗಳಲ್ಲಿ ನುಡಿಸಿ, ಬಳಿಕ ನ್ಯೂಯಾರ್ಕಿನಲ್ಲಿ ನೆಲೆಸಿದರು. ವಲಸಿಗರನ್ನೇ ಗಿರಾಕಿಗಳಾಗಿ ಕಂಡ ಗ್ರಾಮಫೋನ್ ಕಂಪನಿಗಳಿಗಾಗಿ 1921ರಿಂದ 1936ರವರೆಗೆ ಅವರು ಸುಮಾರು 80 ಧ್ವನಿಮುದ್ರಣಗಳನ್ನು ಮಾಡಿದರು. ಜೊತೆಗೆ ಕೂರುತ್ತಿದ್ದ ಪಿಯಾನೊವಾದಕರಲ್ಲಿ ಕೆಲವರಿಗೆ ಮಟ್ಟುಗಳ ಪರಿಚಯವೇ ಇರಲಿಲ್ಲವೆಂಬುದು ಕೇಳಿದೊಡನೆ ತಿಳಿಯುತ್ತದೆ. ಪಿಟೀಲು ಮಾತ್ರ ಅದನ್ನು ಕಿವಿಗೆ ಹಾಕಿಕೊಂಡಂತಿಲ್ಲ.

ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷದಷ್ಟು ಸಂಗೀತ. ಕುಣಿಯುವವರು ದಣಿಯುವವರೆಗೆ ಸಾಗಬಹುದಾಗಿದ್ದ ವಾದನ ಇಲ್ಲಿ ಎರಡು ಮೂರು ಮಟ್ಟುಗಳ ಅಚ್ಚುಕಟ್ಟಾದ ಸರಣಿಯಾಯಿತು, ಕುಣಿತಕ್ಕಿಂತ ಕೇಳ್ಮೆಯ ವಸ್ತುವಾಯಿತು. ಸ್ಲೈಗೋದಿಂದಲೇ ಬಂದಿದ್ದ ಜೇಮ್ಸ್ ಮಾರಿಸನ್, ಪ್ಯಾಡಿ ಕಿಲೋರನ್ ಕೂಡ ಅದೇ ನಗರದಲ್ಲಿ ಧ್ವನಿಮುದ್ರಣ ಮಾಡುತ್ತಿದ್ದು, ಈ ಮೂವರ ಪ್ಲೇಟುಗಳು ಐರ್ಲೆಂಡಿನ ಹಳ್ಳಿಗಳನ್ನು ತಲುಪಿದಾಗ, ಅಲ್ಲಿನ ವಾದಕರು ಮುಳ್ಳನ್ನು ಮತ್ತೆ ಮತ್ತೆ ಹಿಂದಕ್ಕಿಟ್ಟು ಕಲಿತರು. ಇದರಿಂದ ಸೊರಗುತ್ತಿದ್ದ ಕಲೆಗೆ ಹೊಸ ಗೌರವ ಬಂದುದು ನಿಜ. ಆದರೆ ಒಂದು ಸೀಮೆಯ ಶೈಲಿ ದೇಶಕ್ಕೆಲ್ಲ ಮಾದರಿಯಾಗಿ, ಎಷ್ಟೋ ಊರುಗಳ ಸ್ವಂತ ಬನಿ ಹಿಂದೆ ಸರಿದದ್ದೂ ಅಷ್ಟೇ ನಿಜ. ಡೊನೆಗಾಲ್, ಕೆರ್ರಿಯಂಥ ಕಡೆಗಳಲ್ಲಿ ಸ್ಥಳೀಯ ಶೈಲಿಗಳು ಉಳಿದುಕೊಂಡದ್ದು ಸಮಾಧಾನದ ಸಂಗತಿ.

ಆರ್ಥಿಕ ಕುಸಿತದ ಕಾಲದಲ್ಲಿ ಪ್ಲೇಟುಗಳ ಮಾರಾಟ ಬಿದ್ದುಹೋಯಿತು. ಕೋಲ್ಮನ್ 1945ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅವರ ಸಮಾಧಿ ಅಲ್ಲಿನ ಬ್ರಾಂಕ್ಸ್‌ನಲ್ಲಿದೆ. 1934ರಲ್ಲಿ ಅವರು ಒಂದೇ ಬದಿಯಲ್ಲಿ ಜೋಡಿಸಿ ನುಡಿಸಿದ ‘ಟಾರ್ಬೋಲ್ಟನ್’, ‘ಲಾಂಗ್‌ಫರ್ಡ್ ಕಲೆಕ್ಟರ್’, ‘ಸೇಲರ್ಸ್ ಬಾನೆಟ್’ ಎಂಬ ಮೂರು ರೀಲ್‌ಗಳನ್ನು ಇಂದಿಗೂ ವಾದಕರು ಅದೇ ಕ್ರಮದಲ್ಲಿ ನುಡಿಸುತ್ತಾರೆ. ಕೂಟದಲ್ಲಿ ಒಬ್ಬರು ಮೊದಲನೆಯದನ್ನು ಎತ್ತಿಕೊಂಡರೆ, ಮುಂದಿನದು ಯಾವುದೆಂದು ಉಳಿದವರು ಕೇಳುವುದಿಲ್ಲ.