ಹುಲ್ಲು, ಉಂಡೆ, ಹುಣ್ಣಿಮೆ ಚಂದ್ರ: ಫೋನ್‌ನಲ್ಲಿರೋ ಈ ಎಮೋಜಿ ಅರ್ಥ ಏನು?

ವಾಟ್ಸ್‌ಆ್ಯಪ್ ಎಮೋಜಿಗಳಲ್ಲಿ ಒಂದು ಪುಟ್ಟ ಚಿತ್ರ ಇದೆ. ರಾತ್ರಿ ಆಕಾಶ, ದುಂಡು ಚಂದ್ರ, ಪಕ್ಕದಲ್ಲಿ ಉದ್ದನೆ ಹುಲ್ಲು, ಜತೆಗೆ ಪೇರಿಸಿಟ್ಟ ಬಿಳಿ ಉಂಡೆಗಳು. ಭತ್ತದ ಗದ್ದೆ, ಕೋಳಿ ಮೊಟ್ಟೆ ಅಂದುಕೊಂಡು ಕಳಿಸುವವರೂ ಇರಬಹುದು. ಆದರೆ ಇದು ಜಪಾನಿನ ಹಬ್ಬದ ಚಿತ್ರ.

ಹಬ್ಬದ ಹೆಸರು ತ್ಸುಕಿಮಿ. 'ತ್ಸುಕಿ' ಅಂದ್ರೆ ಚಂದ್ರ, 'ಮಿ' ಅಂದ್ರೆ ನೋಡೋದು. ಅಲ್ಲಿನ ಹಳೇ ಚಾಂದ್ರಮಾನ ಪಂಚಾಂಗದ ಎಂಟನೇ ತಿಂಗಳ 15ನೇ ರಾತ್ರಿ ಇದರ ಆಚರಣೆ. ಹಾಗಾಗಿ ತಾರೀಕು ಪ್ರತಿ ವರ್ಷ ಬದಲಾಗುತ್ತೆ. 2025ರಲ್ಲಿ ಅಕ್ಟೋಬರ್ 6ಕ್ಕೆ ಬಂದಿತ್ತು, 2026ರಲ್ಲಿ ಸೆಪ್ಟೆಂಬರ್ 25ಕ್ಕೆ.

ಚೀನಾದಿಂದ ಬಂದ ಈ ಪದ್ಧತಿ ಮೊದಲು ಅರಮನೆಯವರದ್ದಾಗಿತ್ತು. ಚಂದ್ರನನ್ನು ನೋಡ್ತಾ ಕವಿತೆ ಕಟ್ಟುತ್ತಿದ್ದರು. ಆಮೇಲೆ ರೈತರ ಮನೆಗೂ ಬಂತು, ಬೆಳೆಗೆ ಕೃತಜ್ಞತೆ ಹೇಳೋ ಹಬ್ಬವಾಯ್ತು.

ಚಿತ್ರದಲ್ಲಿರೋ ಹುಲ್ಲು ಸುಸುಕಿ. ಕಬ್ಬು ಸೂಲಂಗಿ ಬಿಟ್ಟ ಹಾಗೆ ಬೆಳ್ಳಗೆ ಗರಿ ಬಿಡುತ್ತೆ. ಭತ್ತ ಇನ್ನೂ ಕೊಯ್ಲಿಗೆ ಬರದ ಹೊತ್ತಲ್ಲಿ ತೆನೆಯ ಬದಲು ಇದನ್ನೇ ಇಡ್ತಾರೆ. ಕೆಟ್ಟದ್ದನ್ನು ದೂರ ಇಡುತ್ತೆ ಅನ್ನೋ ನಂಬಿಕೆಯೂ ಇದೆ. ಬಿಳಿ ಉಂಡೆಗಳು ಅಕ್ಕಿ ಹಿಟ್ಟಿನ ದಾಂಗೊ. ಹದಿನೈದನೇ ರಾತ್ರಿ ಅಂತ 15 ಉಂಡೆ ಇಡೋದು ವಾಡಿಕೆ. ಹೊಸದಾಗಿ ಕಿತ್ತ ಕೆಸುವಿನ ಗೆಡ್ಡೆ ಇಡುವವರೂ ಇದ್ದಾರೆ.

ಚಂದ್ರನಲ್ಲಿ ಮೊಲವೊಂದು ಅಕ್ಕಿ ಕುಟ್ಟುತ್ತಿದೆ ಅಂತ ಜಪಾನಿನ ಮಕ್ಕಳಿಗೆ ಹೇಳ್ತಾರೆ. ನಾವು ಚಂದ್ರನನ್ನು ಶಶಿ, ಶಶಾಂಕ ಅನ್ನೋದೂ ಮೊಲದಿಂದಲೇ. 'ಶಶ' ಅಂದ್ರೆ ಮೊಲ. ಹಸಿದವನಿಗಾಗಿ ಬೆಂಕಿಗೆ ಹಾರಿದ ಮೊಲದ ಜಾತಕ ಕಥೆ ಬೌದ್ಧರ ಜತೆ ಭಾರತದಿಂದ ಜಪಾನಿನವರೆಗೂ ಹೋಗಿದೆ.

ಇಷ್ಟಕ್ಕೂ ಇದು ನಮ್ಮ ಫೋನ್‌ಗೆ ಬಂದದ್ದು ಹೇಗೆ? ಎಮೋಜಿ ಶುರುವಾಗಿದ್ದೇ ಜಪಾನಿನ ಮೊಬೈಲ್ ಕಂಪನಿಗಳಿಂದ. 2010ರಲ್ಲಿ ಯೂನಿಕೋಡ್ 6.0 ಅವುಗಳನ್ನು ಜಗತ್ತಿಗೆಲ್ಲ ಒಂದೇ ಸಂಕೇತಕ್ಕೆ ತಂದಾಗ, ಅಲ್ಲಿನ ಹಬ್ಬಗಳೂ ಜತೆಗೆ ಬಂದವು.

ಬಳಸೋದು ಯಾವಾಗ? ಜಪಾನಿನಲ್ಲಿರೋ ಗೆಳೆಯರಿಗೆ, ಬಂಧುಗಳಿಗೆ ಆ ರಾತ್ರಿ ಶುಭಾಶಯ ಕಳಿಸಲು ಇದು ಸರಿ. ನಮ್ಮೂರ ಹುಣ್ಣಿಮೆಗೆ ಬರೀ ಪೂರ್ಣಚಂದ್ರನ ಎಮೋಜಿ ಬೇರೆಯೇ ಇದೆ, ಅದು ಸಾಕು.

ಆ ರಾತ್ರಿ ಮೋಡ ಮುಚ್ಚಿದ್ರೆ? ಕಾಣದ ಚಂದ್ರನಿಗೆ 'ಮುಗೆತ್ಸು', ಮಳೆ ಮರೆಯ ಚಂದ್ರನಿಗೆ 'ಉಗೆತ್ಸು' ಅಂತ ಜಪಾನಿ ಭಾಷೆಯಲ್ಲಿ ಹೆಸರೇ ಇದೆ. ಚಂದ್ರ ಕಾಣದಿದ್ದರೂ ಉಂಡೆ ಇಟ್ಟು ಕಾಯ್ತಾರೆ.